ಬ್ರೇಕ್ ಮೇಡಂ ಹಿಂದಿನ ಸೀಟಿಗೆ ಹೋದದ್ದು

ಡ್ರೈವಿಂಗ್ ಶಾಲೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬ್ರೇಕ್ ಮೇಡಂ ಎಂದೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬುಡಕ್ಕೂ ಒಂದು ಬ್ರೇಕು ಇರುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಮಾತುಮಾತಿಗೂ ತುಳಿಯುತ್ತಿದ್ದರೆ, ಇವಳು ತೀರಾ ಬೇಕಾದಾಗ ಮಾತ್ರ, ಕಾರು ಬೆಣ್ಣೆಯ ಮೇಲೆ ನಿಂತಂತೆ ನಿಲ್ಲುವ ಹಾಗೆ ಒತ್ತುತ್ತಿದ್ದಳು. ಹೆಸರು ಬಂದದ್ದು ಹಾಗೆ.

ಕೈ ನಡುಗುವವರು, ಗಂಡ ಬೈದನೆಂದು ಅತ್ತುಕೊಂಡು ಬಂದವರು, ಹಾರ್ನ್ ಕೇಳಿದರೆ ಕಣ್ಣು ಮುಚ್ಚಿಕೊಳ್ಳುವವರು, ಎಲ್ಲರನ್ನೂ ಶಾಲೆಯವರು ಅವಳ ಕಾರಿಗೇ ಹತ್ತಿಸುತ್ತಿದ್ದರು. "ನೀವು ಹೆದರಿದ್ದೀರಿ ಅಂತ ಎದುರಿನ ಲಾರಿಗೆ ಗೊತ್ತಾಗಲ್ಲಮ್ಮಾ. ಮೊದಲು ಗೇರ್ ಹಾಕಿ. ಹೆದರೋದು ಆಮೇಲೆ ಇದ್ದೇ ಇದೆ," ಎನ್ನುತ್ತಿದ್ದಳು. ಅರವತ್ತೆಂಟು ದಾಟಿದ ಹೆಂಗಸೊಬ್ಬರು ಅವಳ ಕೈಕೆಳಗೆ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು. "ವಯಸ್ಸಾಗೋದು ನೆಪಗಳಿಗೆ, ಕಾಲಿಗಲ್ಲ," ಎಂದು ಇವಳೇ ಅವರನ್ನು ಹುರಿದುಂಬಿಸಿದ್ದಳು.

ಇಂಥವಳ ಅಕ್ಕನೇ ಒಂದು ದಿನ ಬಂದು, "ನನಗೂ ಕಾರ್ ಕಲಿಸೇ," ಎಂದಳು.

ಅಕ್ಕ ಇವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ತಾಯಿ ಹೋದ ಮೇಲೆ ತಂಗಿಗೆ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು, ಬೈದು, ಮುದ್ದು ಮಾಡಿ ಬೆಳೆಸಿದವಳು. ತಂಗಿ ಎಷ್ಟು ಗಟ್ಟಿಯೋ ಅಕ್ಕ ಅಷ್ಟೇ ಮೆತ್ತಗೆ. ಟೀವಿ ಧಾರಾವಾಹಿಯಲ್ಲಿ ಯಾರಾದರೂ ಕೆಮ್ಮಿದರೂ ಅವಳ ಕಣ್ಣು ತುಂಬುತ್ತಿತ್ತು. ಭಾವ ಅಚ್ಚುಕೂಟದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ದೃಷ್ಟಿ ಮಂಜಾಗುತ್ತಾ ಬಂದು, ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರ ಕಾರು ಮನೆಯ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು.

"ಇವರು ಮನೆಯೊಳಗೇ ಕೂತು ಕೂತು ಮಾತು ಮರೀತಿದ್ದಾರೆ ಕಣೇ," ಎಂದಳು ಅಕ್ಕ. "ಹೊರಗೆ ಕರ್ಕೊಂಡು ಹೋಗ್ಬೇಕು ನಾನು."

"ಟ್ಯಾಕ್ಸಿ ಇದೆಯಲ್ಲ."

"ಟ್ಯಾಕ್ಸಿಯವನು ಸುಮ್ನೆ ಸುತ್ತು ಅಂದ್ರೆ ಸುತ್ತುತ್ತಾನಾ? ಇವರಿಗೆ ಎಲ್ಲಿಗೋ ಹೋಗೋದು ಬೇಕಾಗಿಲ್ಲ. ಹೋಗ್ತಾ ಇರೋದು ಬೇಕು."

ತಂಗಿ ಬೆರಳು ಮಡಿಚಿದಳು. ಮಂಡಿ ನೋವು, ಕತ್ತಲಾದರೆ ಕಣ್ಣು ಸಾಲದು, ಈ ಊರಿನ ವಾಹನಗಳ ಹಾವಳಿ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಹೋದಳು. ವಾರ ಕಳೆಯುವುದರೊಳಗೆ ಡಾಕ್ಟರಿಗೆ ತೋರಿಸಿಕೊಂಡು ವಾಪಸ್ ಬಂದು ನಿಂತಳು. "ಕಣ್ಣು ಸರಿ ಇದೆಯಂತೆ, ಮಂಡಿನೂ ಸರಿ ಇದೆಯಂತೆ. ಇನ್ನೇನಿದೆ ನಿನ್ನ ಜೋಳಿಗೆಯಲ್ಲಿ? ತೆಗಿ."

ಬೇರೆ ದಾರಿ ಕಾಣದೆ ಬ್ರೇಕ್ ಮೇಡಂ ಅಕ್ಕನನ್ನು ಕಾರಿಗೆ ಹತ್ತಿಸಿಕೊಂಡಳು.

ಅಕ್ಕನ ಕೈ ಸ್ಟಿಯರಿಂಗ್ ಮೇಲೆ ಚೆನ್ನಾಗಿಯೇ ಕೂತಿತು. ಕೂರದೆ ಒದ್ದಾಡಿದ್ದು ತಂಗಿಯ ಕಾಲು. ದೂರದಲ್ಲಿ ಸೈಕಲ್ ಕಂಡರೆ ಬ್ರೇಕು. ತಿರುವು ಬಂದರೆ ಬ್ರೇಕು. ಏನೂ ಇಲ್ಲದ ನೇರ ರಸ್ತೆಯಲ್ಲೂ ಬ್ರೇಕು. ಅಂಚೆ ಕಚೇರಿಯ ಏರಿನಲ್ಲಿ ಕಾರು ಒಂದು ಗೇಣು ಹಿಂದೆ ಜಾರಿದ್ದೇ ತಡ, ತಂಗಿ ಎರಡೂ ಕಾಲಿನಿಂದ ತುಳಿದುಬಿಟ್ಟಳು. ಅಕ್ಕ ಏರು ಹತ್ತಿಸಿ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು.

"ಗಾಡಿ ಓಡಿಸ್ತಿರೋದು ನಾನಾ, ನೀನಾ?"

"ನೀನು ಕ್ಲಚ್ ಬೇಗ ಬಿಟ್ಟೆ. ಲೆಕ್ಕಾಚಾರ ಇಲ್ಲ ನಿನಗೆ. ಎಲ್ಲಾ ಮನಸ್ಸಿಗೆ ಬಂದ ಹಾಗೆ."

"ನಿನ್ನದು ಲೆಕ್ಕಾಚಾರ ಅಂತೀಯಾ?" ಅಕ್ಕ ಸಿಟ್ಟಾಗಲಿಲ್ಲ. "ಭಯ ಕಣೇ ಅದು. ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಕೂರಿಸಿದ್ದೀಯ, ಅಷ್ಟೇ. ನಾನು ಹೆದರಿದ್ರೆ ಅಳ್ತೀನಿ. ನೀನು ಹೆದರಿದ್ರೆ ಕಾರಣ ಹೇಳ್ತೀಯ."

ಬ್ರೇಕ್ ಮೇಡಂಗೆ ಮುಖಕ್ಕೆ ಹೊಡೆದಂತಾಯಿತು. ಸಂಜೆ ಶಾಲೆಯ ಅಂಗಳದಲ್ಲಿ ಕಾರಿನ ಗಾಜು ಒರೆಸುವಾಗ ಆ ಅರವತ್ತೆಂಟರ ಹೆಂಗಸು ನೆನಪಾದರು. ಅವರ ಮಂಡಿ ಅಕ್ಕನ ಮಂಡಿಗಿಂತ ಕೆಟ್ಟದಾಗಿತ್ತು. ಅವರಿಗೊಂದು ನ್ಯಾಯ, ಅಕ್ಕನಿಗೊಂದು ನ್ಯಾಯ ಯಾಕಾಯಿತು? ಆ ಹೆಂಗಸು ಇಲ್ಲದೆ ಹೋದರೆ ತನ್ನ ಬದುಕು ನಿಲ್ಲುತ್ತಿರಲಿಲ್ಲ. ಅಕ್ಕ ಇಲ್ಲದ ಬದುಕನ್ನು ಮಾತ್ರ ಊಹಿಸಿಕೊಳ್ಳಲೂ ಆಗದು. ಬಟ್ಟೆ ಹಿಡಿದ ಕೈ ಗಾಜಿನ ಮೇಲೆಯೇ ನಿಂತಿತು. ಒಂದಿಷ್ಟು ಅತ್ತಳು. ಅತ್ತ ಮೇಲೆ ತಲೆ ತಿಳಿಯಾಯಿತು. ಹೆದರಿದ ಕಾಲು ಪಾಠ ಹೇಳಲಾರದು, ಅದು ದಿಟ. ಸರಿ, ಹೆದರದ ಕಾಲಿಗೆ ಒಪ್ಪಿಸಿದರಾಯಿತು.

ಮರುದಿನವೇ ಅಕ್ಕನನ್ನು ಶಾಲೆಯ ಇನ್ನೊಬ್ಬ ಮೇಷ್ಟ್ರ ಕೈಗೆ ಒಪ್ಪಿಸಿದಳು. ಬಾಯಲ್ಲಿ ಎಲೆಅಡಿಕೆ ಇಲ್ಲದೆಯೂ ಸದಾ ಏನನ್ನೋ ಅಗಿಯುತ್ತಿರುವವರಂತೆ ಮಾತಾಡುವ ಆ ಮನುಷ್ಯ, "ಡಾಕ್ಟರೂ ತಮ್ಮ ಮನೆಯವರಿಗೆ ತಾವೇ ಕತ್ತರಿ ಹಾಕಲ್ಲ, ಮೇಡಂ. ಬಿಡಿ, ನಾನು ನೋಡ್ಕೋತೀನಿ," ಎಂದರು. ಅಕ್ಕ ಮೊದಲ ಪರೀಕ್ಷೆಯಲ್ಲೇ ಪಾಸಾದಳು. ಪಾಸಾದ ಖುಷಿಗೆ ಪರೀಕ್ಷೆ ಮಾಡಿದ ಅಧಿಕಾರಿಯ ಎದುರಿಗೇ ಗಳಗಳ ಅತ್ತು ಅವರನ್ನು ಗಾಬರಿ ಮಾಡಿದಳು.

ಆ ಭಾನುವಾರ ಅಕ್ಕ ಸ್ಟಿಯರಿಂಗ್ ಮುಂದೆ, ಪಕ್ಕದಲ್ಲಿ ಭಾವ, ಬ್ರೇಕ್ ಮೇಡಂ ಹಿಂದಿನ ಸೀಟಿನಲ್ಲಿ. ಅಲ್ಲಿ ತುಳಿಯಲು ಏನೂ ಇಲ್ಲ. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಅಕ್ಕ ಕಂಡದ್ದನ್ನೆಲ್ಲ ಗಂಡನಿಗೆ ವರದಿ ಒಪ್ಪಿಸುತ್ತಾ ಹೊರಟಳು. "ಬಲಗಡೆ ಹೊಸ ಔಷಧಿ ಅಂಗಡಿ ಬಂದಿದೆ, ನೋಡೀ..." ಎಂದು ನಾಲಿಗೆ ಕಚ್ಚಿಕೊಂಡಳು. ಭಾವ ನಕ್ಕರು. "ನೋಡಿದೆ ಬಿಡು. ಬಣ್ಣ ಚೆನ್ನಾಗಿಲ್ಲ."

ಮುಂದೆ ಬಸ್ಸೊಂದು ನಿಂತಿತ್ತು. ಬ್ರೇಕ್ ಮೇಡಂ ಹಿಂದಿನಿಂದಲೇ ಅಳೆದಳು: ಪಕ್ಕದಲ್ಲಿ ಜಾಗ ಧಾರಾಳ, ಎದುರು ಯಾರಿಲ್ಲ, ಹೋಗಬಹುದು. ಆದರೆ ಅಕ್ಕ ಕಾರನ್ನು ಮೆಲ್ಲಗೆ ಮಾಡಿ ನಿಲ್ಲಿಸಿಯೇಬಿಟ್ಟಳು. ಹಿಂದಿನವರು ಹಾರ್ನ್ ಬಾರಿಸಿದರು. ಅಷ್ಟರಲ್ಲಿ ಬಸ್ಸಿನ ಮುಂದಿನಿಂದ ಕೋಲೂರಿಕೊಂಡು ಮುದುಕರೊಬ್ಬರು, ಆಚೆ ಈಚೆ ನೋಡದೆ, ನೇರ ಕಾರಿನ ಮೂತಿಯ ಮುಂದೆ ದಾಟಿಹೋದರು.

"ನಿನಗೆ ಹೇಗೆ ಗೊತ್ತಾಯ್ತು?" ತಂಗಿ ಮುಂದಿನ ಸೀಟಿನತ್ತ ಬಾಗಿ ಕೇಳಿದಳು.

"ಆಚೆ ಬದಿಯಲ್ಲಿ ಒಬ್ಬಳು ನಿಂತಿದ್ದಳಲ್ಲ. ಅವಳ ಮುಖ ನೋಡಿ ಕರುಳು ಚುರ್ ಅಂತು. ತನ್ನವರು ಯಾರೋ ದಾಟ್ತಾ ಇರೋ ಹಾಗಿತ್ತು ಆ ಮುಖ."

ಆ ಹೆಂಗಸನ್ನು ಬ್ರೇಕ್ ಮೇಡಂ ಕೂಡ ನೋಡಿದ್ದಳು. ರಸ್ತೆಗೆ ಇಳಿಯುತ್ತಿಲ್ಲ ಎಂದು ಲೆಕ್ಕದಿಂದ ಬಿಟ್ಟಿದ್ದಳು. ಹಾಗೆ ಬಿಟ್ಟ ಲೆಕ್ಕ ಪೂರ್ತಿಯಾಗಿರಲಿಲ್ಲ. ಅಕ್ಕನ ಕರುಳು ಹೇಳಿದ್ದೂ ಒಂದು ಸುದ್ದಿಯೇ. ಆದರೆ ಆ ಸುದ್ದಿ ತಲುಪಿದ ಮೇಲೆ ಕ್ಲಚ್ಚು, ಬ್ರೇಕು, ಕನ್ನಡಿ ಮೂರನ್ನೂ ಸರಿಯಾಗಿ ನಡೆಸಿದ್ದು ಕಲಿತ ತಲೆ. ಒಂದು ಇಲ್ಲದಿದ್ದರೆ ಇನ್ನೊಂದು ಆ ಮುದುಕರನ್ನು ಉಳಿಸುತ್ತಿರಲಿಲ್ಲ.

ಅಂದಿನಿಂದ ಹೊಸಬರು ಬಂದರೆ ಬ್ರೇಕ್ ಮೇಡಂ ಅವರನ್ನು ಮೊದಲು ಕಾರಿಗೆ ಹತ್ತಿಸುವುದಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, "ಇವರಲ್ಲಿ ಈಗ ಯಾರು ದಾಟ್ತಾರೆ ಹೇಳಿ, ನೋಡೋಣ," ಎನ್ನುತ್ತಾಳೆ. ಮೊದಮೊದಲು ನಕ್ಕ ಆ ಮೇಷ್ಟ್ರು ಈಗ ತಮ್ಮ ಶಿಷ್ಯರನ್ನೂ ಅದೇ ಬೆಂಚಿಗೆ ಕಳಿಸುತ್ತಾರೆ.

ಮಳೆಗಾಲ ಕಳೆದ ಮೇಲೆ ಅಕ್ಕ ಭಾವನನ್ನು ಕೂರಿಸಿಕೊಂಡು ಸಮುದ್ರ ತೀರದ ತನಕ ಹೊರಟಳು. ಹೆದ್ದಾರಿ, ಲಾರಿಗಳು, ಅರ್ಧ ದಿನದ ಹಾದಿ. ಬೀಳ್ಕೊಡಲು ಬಂದ ತಂಗಿ ಟೈರಿನ ಗಾಳಿ ನೋಡಿದಳು, ಎಣ್ಣೆ ನೋಡಿದಳು. ಎಲ್ಲವೂ ಸರಿಯಾಗಿತ್ತು, ಅಡ್ಡಿ ಹೇಳಲು ಒಂದೂ ಕಾರಣ ಉಳಿದಿರಲಿಲ್ಲ. ಕಿಟಕಿಯ ಬಳಿ ಬಗ್ಗಿ ಅಕ್ಕನ ಕೈ ಹಿಡಿದಳು.

"ತಲುಪಿದ ಕೂಡಲೇ ಫೋನ್ ಮಾಡು ಅಕ್ಕಾ. ನನಗೆ ಭಯ ಆಗ್ತಿದೆ."

"ಗೊತ್ತು ಕಣೇ. ನನಗೂ ಆಗ್ತಿದೆ," ಎಂದಳು ಅಕ್ಕ, ಕನ್ನಡಿ ಸರಿಪಡಿಸಿಕೊಳ್ಳುತ್ತಾ. ಗೇರ್ ಹಾಕಿದಳು. ಕಾರು ಜರ್ಕು ಹೊಡೆಯದೆ ಮುಂದಕ್ಕೆ ಹೋಯಿತು.