ನಾಲ್ಕು ಜನ ಬರುವ ಸಂಜೆ

ನಮ್ಮ ಮೈಸೂರಿನ ಮನೆಯಲ್ಲಿ ದಸರೆಯ ಗೊಂಬೆಗಳು ಕೂರುತ್ತಿದ್ದುದು ಟ್ರಂಕುಗಳ ಮೇಲೆ. ಎರಡು ಟ್ರಂಕು, ಒಂದು ಹಲಗೆ, ಮೇಲೊಂದು ಅಪ್ಪನ ಬಿಳಿ ಪಂಚೆ. ಪಟ್ಟದ ಗೊಂಬೆಗಳಿಗೆ ಅಷ್ಟು ಸಿಂಹಾಸನ ಸಾಕಾಗಿತ್ತು. ತೊಂಬತ್ತರ ದಶಕದ ಕೊನೆಗೆ ತಮಿಳುನಾಡಿನ ತಾಂಬರಂಗೆ ಬಂದು ನೆಲೆಸಿದ ಮೇಲೆ ಅದು ಸಾಲದೆ ಹೋಯಿತು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಗೊಂಬೆಗಳಿಗೆ ಏಳು ಮೆಟ್ಟಿಲು. ನಾನೂ ದೂರದ ಪುರಸೈವಾಕ್ಕಂ ಪೇಟೆಯವರೆಗೆ ಹೋಗಿ ಮಡಚುವ ಸ್ಟೀಲಿನ ಮೆಟ್ಟಿಲು ತಂದೆ. ನಮ್ಮ ಉಸಲಿ ಸುಂಡಲ್ ಆಯಿತು, 'ಬನ್ನಿ' ಹೋಗಿ 'ವಾಂಗೊ' ಆಯಿತು. ಯಾರು ಹೇಳಿದರು ಹೀಗೆ ಮಾಡೆಂದು ಕೇಳಬೇಡಿ, ಯಾರೂ ಹೇಳಲಿಲ್ಲ. ಹತ್ತರಲ್ಲಿ ಹನ್ನೊಂದಾಗುವುದರಲ್ಲಿ ಒಂದು ಸುಖವಿದೆ, ಅದನ್ನು ಅಲ್ಲಗಳೆಯಲಾರೆ.

"ನಾಲ್ಕು ಜನ ಏನಂದಾರು" ಎಂಬ ಮಾತಿನಲ್ಲೇ ಬೆಳೆದವರು ನಾವು. ಆ ನಾಲ್ವರ ಹೆಸರು ಕೇಳಿದರೆ ಹೇಳಲು ಬಾರದು. ಹುಟ್ಟಿದೂರಿನಲ್ಲಾದರೆ ಅವರ ಕಣ್ಣು ತಪ್ಪಿಸುವ ಸಂದುಗೊಂದುಗಳು ಗೊತ್ತಿರುತ್ತವೆ. ಪರವೂರಿನಲ್ಲಿ ಅವರಿಗೆ ಏನು ಹಿಡಿಸುತ್ತದೆಂದೇ ತಿಳಿಯದೆ, ಊಹಿಸಿಕೊಂಡು ಹೆದರಬೇಕು. ಹಾಗಾಗಿಯೇ ಏನೋ, ವಲಸೆ ಬಂದವರು ಆ ಊರಿನವರಿಗಿಂತ ಒಂದು ಕೈ ಹೆಚ್ಚೇ ಮಡಿವಂತರಾಗುತ್ತಾರೆ.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮ ಆ ಸಲದ ನವರಾತ್ರಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಗೊಂಬೆಗಳಿಗೆ ಸೀರೆ ಉಡಿಸಿದವಳೂ ಅವಳೇ, ಕಡಲೆಗೆ ಒಗ್ಗರಣೆ ಹಾಕಿದವಳೂ ಅವಳೇ. ಸಂಜೆ ಅರಿಸಿನ ಕುಂಕುಮಕ್ಕೆ ಮುತ್ತೈದೆಯರು ಬರುವ ಹೊತ್ತಾದಾಗ ನಾನು, "ಅಮ್ಮ, ಸುಸ್ತಾಗಿದೀಯ, ಒಳಗೆ ಸ್ವಲ್ಪ ಮಲಕ್ಕೋ" ಎಂದೆ. ಇಲ್ಲಿಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ನನ್ನದು. ಅಮ್ಮ ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ನಾಲ್ಕಾರು ಹೆಂಗಸರೊಡನೆ ಎದುರುಮನೆಯ ಮಾಮಿ ಬಂದರು. ಗಂಡನನ್ನು ಕಳೆದುಕೊಂಡು ಹತ್ತು ವರ್ಷವಾಗಿದ್ದ ಅವರು ಜಮಖಾನದ ನಟ್ಟನಡುವೆ ಕೂತು, ಒಂದು ಕೀರ್ತನೆ ಹಾಡಿ, ಸುಂಡಲ್ ಚೆನ್ನಾಗಿದೆಯೆಂದು ಇನ್ನಷ್ಟು ಹಾಕಿಸಿಕೊಂಡರು. ಬಂದಿದ್ದ ಮುತ್ತೈದೆಯರಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ.

"ಅಮ್ಮಾ ಎಂಗೆ?" ಎನ್ನುತ್ತ, ಅಮ್ಮ ಎಲ್ಲಿ ಎಂದು ಮಾಮಿ ಅತ್ತಿತ್ತ ನೋಡಿದರು. ಅಮ್ಮನಿಂದ ಒಂದು ಕನ್ನಡ ಹಾಡು ಹೇಳಿಸಬೇಕೆಂದು ಅವರಿಗೆ ಆಸೆ. ನಿದ್ದೆ ಹೋಗಿದ್ದಾಳೆ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಒಮ್ಮೆ ಹೇಳಿದ ಸುಳ್ಳನ್ನು ಅಷ್ಟು ಜನರೆದುರು ಹಿಂತೆಗೆದುಕೊಳ್ಳುವ ಧೈರ್ಯವೂ ನನಗಿರಲಿಲ್ಲ.

ಎಲ್ಲರನ್ನೂ ಕಳಿಸಿ ಕೋಣೆಗೆ ಹೋದೆ. ದೀಪ ಹಾಕದೆ, ಗೋಡೆಯ ಕಡೆ ಮುಖ ಮಾಡಿ ಅಮ್ಮ ಮಿಸುಕದೆ ಮಲಗಿದ್ದಳು. ನಿಜಕ್ಕೂ ನಿದ್ದೆ ಬಂದಿರಬೇಕೆಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮೆಲ್ಲಗೆ ಕೇಳಿದಳು:

"ಎಲ್ಲಾರೂ ಹೋದ್ರೇನೇ? ಇನ್ನು ಏಳ್ಲಾ?"