ಅಪ್ಪನಿಗೆ ಬೆವರು ಬರುತ್ತಿರಲಿಲ್ಲ

ಓದುವಾಗ ಅಕ್ಷರ ಮಸುಕಾಗತೊಡಗಿದ್ದರಿಂದ ಕನ್ನಡಕ ಮಾಡಿಸಿಕೊಳ್ಳೋಣವೆಂದು ಶ್ರೀರಂಗಪಟ್ಟಣದಲ್ಲಿ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ನನಗಾಗ ನಲವತ್ತೆರಡು. ಯಂತ್ರದ ಮೇಲೆ ಗದ್ದವಿಟ್ಟು ಕೂತೆ. ಆಕೆ ಬೆಳಕು ಬಿಟ್ಟು ನೋಡಿದರು, ಮತ್ತೆ ನೋಡಿದರು. ಕನ್ನಡಕದ ಮಾತೇ ಎತ್ತಲಿಲ್ಲ.

"ನಿಮ್ಮ ಮನೇಲಿ ಯಾರಿಗಾದ್ರೂ ಅಂಗೈ ಅಂಗಾಲು ಉರೀತಿತ್ತಾ? ಬೆವರು ಬರ್ತಿರ್ಲಿಲ್ವಾ?"

ಎರಡೂ ಅಪ್ಪನಿಗಿದ್ದವು. ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಆಕೆ ಅವನನ್ನು ಕಂಡವರೇ ಅಲ್ಲ.

ಅಪ್ಪ ಕಿಕ್ಕೇರಿಯಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದ. ದಿನವಿಡೀ ಕೆಂಡದ ಮುಂದೆ ಕೂತು ಕೊಳವೆ ಊದಬೇಕು. ಜೊತೆಗೆ ಕೂರುತ್ತಿದ್ದ ದೊಡ್ಡಪ್ಪನ ಬನಿಯನ್ ತೊಯ್ದು ಬೆನ್ನಿಗೆ ಅಂಟಿರುತ್ತಿತ್ತು. ಅಪ್ಪನದು ಒಣಗಿಕೊಂಡೇ ಇರುತ್ತಿತ್ತು, ಮುಖ ಮಾತ್ರ ಕೆಂಪೇರುತ್ತಿತ್ತು. ಬಿಸಿಲು ಏರುವಷ್ಟರಲ್ಲಿ ಎದ್ದುಹೋಗಿ ಹಿತ್ತಲ ತೊಟ್ಟಿಯಲ್ಲಿ ಕೈಕಾಲು ಅದ್ದಿ, ಹಲ್ಲು ಕಚ್ಚಿ ಕೂತುಬಿಡುತ್ತಿದ್ದ.

"ಬೆವ್ರು ಬಂದಿಲ್ಲ ಅಂದ್ರೆ ಮೈ ಬಗ್ಸಿಲ್ಲ ಅಂತ್ಲೇ ಕಣ್ಲಾ" ಎನ್ನುತ್ತಿದ್ದ ದೊಡ್ಡಪ್ಪ.

"ಬೆಂಕಿ ಇಟ್ಟಂಗಾಯ್ತದೆ ಅಣ್ಣ" ಎಂದಷ್ಟೇ ಹೇಳುತ್ತಿದ್ದ ಅಪ್ಪ. ನಲವತ್ತೈದಕ್ಕೇ ಕಿಡ್ನಿ ಹೋಗಿ ತೀರಿಕೊಂಡ. ಊರಿಗೆ ಅವನು ಮೈಗಳ್ಳ. ನಾನೂ ಅದನ್ನು ಅರ್ಧ ನಂಬಿದ್ದೆ.

ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನದೇ ಕಣ್ಣು. ಮೇಲಿನ ತಿಳಿಪೊರೆಯಲ್ಲಿ, ಎಳೆದ ಚಿನ್ನದ ತಂತಿಗಿಂತ ಸಣ್ಣ ಕಂದು ಗೆರೆಗಳು ಒಂದೇ ಬಿಂದುವಿನಿಂದ ಸುಳಿಸುಳಿಯಾಗಿ ಹರಡಿದ್ದವು. ನೋಟಕ್ಕೆ ಅವುಗಳಿಂದ ತೊಂದರೆಯಿಲ್ಲವಂತೆ, ಅಕ್ಷರ ಮಸುಕಾಗಿದ್ದು ವಯಸ್ಸಿಗಂತೆ. ಮೈಯಲ್ಲಿ ಒಂದು ಬಗೆಯ ಕೊಬ್ಬನ್ನು ಕರಗಿಸಬೇಕಾದ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿದ್ದರೆ ಆ ಕೊಬ್ಬು ನರ, ಕಿಡ್ನಿ, ಹೃದಯಗಳಲ್ಲಿ ತುಂಬಿಕೊಳ್ಳುತ್ತದೆ, ಕೈಕಾಲು ಉರಿಸುತ್ತದೆ, ಬೆವರು ನಿಲ್ಲಿಸುತ್ತದೆ, ಕಣ್ಣಲ್ಲಿ ಹೀಗೆ ಗೆರೆ ಬರೆಯುತ್ತದೆ. ಫ್ಯಾಬ್ರಿ ಕಾಯಿಲೆ ಎಂದರು. ಅಪ್ಪನಿಗಿದ್ದರೆ ಅವನ ಹೆಣ್ಣುಮಕ್ಕಳಿಗೆಲ್ಲ ತಪ್ಪದೆ ಬರುತ್ತದೆ, ಕೆಲವರಿಗೆ ಉರಿಯೇ ಇರುವುದಿಲ್ಲ. ಅಪ್ಪನ ಉರಿಯನ್ನು ಅಷ್ಟು ವರ್ಷ ಕಣ್ಣಲ್ಲಿಟ್ಟುಕೊಂಡೇ ನಾನು ಓಡಾಡಿದ್ದೆ, ಅಡುಗೆ ಮಾಡಿದ್ದೆ, ಪೇಪರು ಓದಿದ್ದೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

ಆ ಕಾಗದ ಹಿಡಿದು ಕಿಕ್ಕೇರಿಗೆ ಹೋದೆ. ಎಲ್ಲ ಕೇಳಿದ ಮೇಲೆ ಅವ್ವ ಮೆಲ್ಲಗೆ ಅಂದಳು, "ಅವ್ರ ಸೊಂಟದ ಸುತ್ತ ರಾಗಿಕಾಳ್ನಂಗೆ ಕೆಂಪು ಚುಕ್ಕೆ ಇದ್ವು. ನಂಗೊಬ್ಳಿಗೇ ಗೊತ್ತಿದ್ದದ್ದು. ಅದೂ ಇದ್ರದೇಯಾ?"

"ಊಂ ಕಣವ್ವ."

ಅವಳು ನನ್ನ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಕಣ್ಣೊಳಗೆ ತುಂಬ ಹೊತ್ತು ನೋಡಿದಳು. "ನಂಗೇನೂ ಕಾಣಕ್ಕಿಲ್ವಲ್ಲ" ಅಂದಳು.

ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೂ ಹೇಳಿದೆ. ಎಂಬತ್ತು ದಾಟಿದ ಮನುಷ್ಯ. ಎರಡೆರಡು ಸಲ ಕೇಳಿಸಿಕೊಂಡ. "ಅಂಗಾದ್ರೆ ಅಷ್ಟು ಉರಿ ಮಡಿಕ್ಕೊಂಡು ಇಪ್ಪತ್ತು ವರ್ಸ ಬೆಂಕಿ ಮುಂದೆ ಕೂತವ್ನೆ" ಎಂದ. ಟವಲಿನಿಂದ ಮುಖ ಒರೆಸಿಕೊಂಡ.

ತಂಗಿ ನಾಗಮಂಗಲದಲ್ಲಿ ಟೀಚರು. ಅವಳ ಕಣ್ಣಲ್ಲೂ ಅದೇ ಸುಳಿ ಇತ್ತು. ನನ್ನ ಕಿಡ್ನಿ ಚೆನ್ನಾಗಿತ್ತು, ಅವಳದು ಆಗಲೇ ಪ್ರೋಟೀನು ಸೋರಿಸತೊಡಗಿತ್ತು. ಮೂರು ತಿಂಗಳು ಓಡಾಡಿದ ಮೇಲೆ ಅವಳಿಗೆ ಚಿಕಿತ್ಸೆ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಮೈಸೂರಿಗೆ ಹೋಗಿ, ಮೈಯಲ್ಲಿ ಸಾಲದ ಆ ಕಿಣ್ವವನ್ನೇ ಡ್ರಿಪ್ಪಿನಲ್ಲಿ ಏರಿಸಿಕೊಳ್ಳುತ್ತಾಳೆ. ಜೊತೆಗೆ ನಾನು ಹೋಗುತ್ತೇನೆ. ಅವಳ ಕಿಡ್ನಿ ಇನ್ನಷ್ಟು ಕೆಟ್ಟಿಲ್ಲ. ನೀರಿನಂತೆ ತಿಳಿಯಾದ ಹನಿ ಒಂದೊಂದೇ ಒಂದು ಕೈಗೆ ಇಳಿಯುತ್ತಿರುವಾಗ, ಮಡಿಲಲ್ಲಿ ಮಕ್ಕಳ ಉತ್ತರಪತ್ರಿಕೆ ಹರವಿಕೊಂಡು, ಇನ್ನೊಂದು ಕೈಯಲ್ಲಿ ಅವಳು ಅಂಕ ಹಾಕುತ್ತಿರುತ್ತಾಳೆ.