ಜಮಾಯಿಯ ಹೆಸರಿಗೆ ಹೋದ ಸಾಲು

ಕುರ್ಲಾದ ಚಾಳಿನಲ್ಲಿ ಹುಟ್ಟಿ ಬೆಳೆದು ಬಿ.ಎಸ್ಸಿ. ಮುಗಿಸಿದ ತಹಮೀನಾಳಿಗೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಹಜ. ಅವಸರವಿಲ್ಲ, ಬೇಸರವಿಲ್ಲ. ಬಾಂದ್ರಾದ ಆಫೀಸಿನಲ್ಲಿ ಆಕೆ ಕಾಂಟ್ರಾಕ್ಟಿನ ಮೇಲಿದ್ದಳು. ಈ ಸಲ ಪರ್ಮನೆಂಟ್ ಆಗುತ್ತದೆಂದು ತಾಯಿ ನಜ್ಮಾ ಚಾಳಿಗೆಲ್ಲ ಸಾರಿಬಿಟ್ಟಿದ್ದಳು.

ಅಷ್ಟರಲ್ಲಿ ತಪ್ಪನ್ನು ತಾನೇ ಹುಡುಕಿ ತಾನೇ ತಿದ್ದುವ ಸಾಫ್ಟ್‌ವೇರ್ ಬಂತು. ಅದಕ್ಕೆ ನಡೆದ ಉಪಚಾರ ನೋಡಿ ಟೀಮಿನವರು 'ಜಮಾಯಿ' ಎಂದು ಹೆಸರಿಟ್ಟರು. ಮನೆಗೆ ಬಂದ ಅಳಿಯನ ತಪ್ಪು ಎತ್ತಿ ಆಡುವವರುಂಟೇ? ಮನುಷ್ಯರ ಕೈ ತಾಗದ ರಿಪೇರಿಯ ಪರ್ಸೆಂಟ್ ಹೆಚ್ಚಿದಷ್ಟೂ ಟೀಮಿಗೆ ಮೇಲಿನವರ ಶಹಬ್ಬಾಸ್.

ಅವರದು ರಕ್ತ ತಪಾಸಣೆಯ ಲ್ಯಾಬುಗಳಿಗೆ ರಿಪೋರ್ಟ್ ಮಾಡಿಕೊಡುವ ಪ್ರೋಗ್ರಾಮು. ಸಕ್ಕರೆ ವಿಪರೀತ ಏರಿದಾಗ ಲ್ಯಾಬಿನ ಯಂತ್ರ ಬರೀ ಅಂಕಿ ಕೊಡದೆ, '>600', ಅಂದರೆ 600ಕ್ಕಿಂತ ಹೆಚ್ಚು, ಎಂದು ಚಿಹ್ನೆ ಸೇರಿಸಿ ಕಳಿಸುತ್ತಿತ್ತು. ಅಂಕಿಗಷ್ಟೇ ಕಾದಿದ್ದ ಪ್ರೋಗ್ರಾಮು ಅಲ್ಲೇ ನಿಂತುಬಿಡುತ್ತಿತ್ತು. ಜಮಾಯಿ ಕ್ಷಣದಲ್ಲಿ ತಿದ್ದಿದ: ಅಂಥಲ್ಲಿ ಜಾಗ ಖಾಲಿ ಬಿಟ್ಟು ಮುಂದೆ ಹೋಗು. ರಿಪೋರ್ಟ್ ಬಂತು, ಪ್ರೋಗ್ರಾಮನ್ನು ಪರೀಕ್ಷಿಸುವ ಟೆಸ್ಟೂ ಪಾಸಾಯಿತು.

“ಸರ್, ಇದು ರಿಪೇರಿ ಅಲ್ರಿ, ಬಾಯಿ ಮುಚ್ಚಿಸೂದು,” ಎಂದಳು ತಹಮೀನಾ. “ಯಾರಿಗೆ ಬ್ಯಾನಿ ಜಾಸ್ತಿ ಐತಿ, ಅವರ ರಿಪೋರ್ಟೇ ಖಾಲಿ ಬರತೈತಿ.”

ಟೀಮ್ ಲೀಡ್ ಅಮೋಲ್ ತಹಮೀನಾಳ ಹಿರಿಯರಂತೆಯೇ ಬೆಳಗಾವಿ ಕಡೆಯವನು. “ತಪ್ಪ ಇದ್ರ ಟೆಸ್ಟ್ ಬರದು ತೋರ್ಸು. ಖಾಲಿ ಬಾತೇಂ ಮತ್ ಕರ್, ಬರೇ ಮಾತು ಬ್ಯಾಡ.”

'600ಕ್ಕಿಂತ ಹೆಚ್ಚು ಬಂದರೆ ಹಾಗೆಯೇ ಅಚ್ಚಾಗಬೇಕು' ಎಂದು ಟೆಸ್ಟ್ ಬರೆದಳು. ಜಮಾಯಿ ಆ 600ನ್ನು ಬಾಯಿಪಾಠ ಮಾಡಿದ. ಇನ್ನೊಂದು ಯಂತ್ರದ '500ಕ್ಕಿಂತ ಹೆಚ್ಚು' ಕೊಟ್ಟಳು, ಅದನ್ನೂ ಮಾಡಿದ. ಮೂರನೆಯ ಯಂತ್ರದ '450ಕ್ಕಿಂತ ಹೆಚ್ಚು' ಬಂದರೆ ಮತ್ತೆ ಖಾಲಿ.

“ಮಷೀನ್ ಜೋಡಿನೂ ಜಗಳಾ ತಗೀತಿ,” ಅಮೋಲ್ ಎಲ್ಲರಿಗೂ ಕೇಳುವಂತೆ ಅಂದ. “ನಿಮ್ಮ ಅಮ್ಮೀಗ ಜಮಾಯಿ ಸಿಕ್ಕಂಗ ಬಿಡು!”

ಟೀಮೆಲ್ಲ ನಕ್ಕಿತು. ತಹಮೀನಾ ತಲೆ ಎತ್ತಲಿಲ್ಲ. ಚಿಹ್ನೆಯನ್ನೂ ಅಂಕಿಯನ್ನೂ ಬೇರೆ ಬೇರೆ ಓದಿ, ಎರಡನ್ನೂ ಅಚ್ಚು ಹಾಕುವ ಸಾಲೊಂದನ್ನು ತಾನೇ ಬರೆದಳು. ಯಾವ ಅಂಕಿ ಕೊಟ್ಟರೂ ಸರಿ ಬಂತು.

ಅಮೋಲ್ ಆಕೆಯನ್ನು ಪಕ್ಕಕ್ಕೆ ಕರೆದ. “ಛಲೋ ಬರದಿ. ಆದ್ರ ನಿನ್ನ ಹೆಸರಲೇ ಹೋದ್ರ ನಮ್ಮ ಪರ್ಸೆಂಟ್ ಬೀಳತೈತಿ. ತಗದು ಹಳೇದ ಹಾಕಬೇಕಾಗತೈತಿ. ಜಮಾಯಿ ಹೆಸರಲೇ ಆದ್ರ ಇರತೈತಿ. ಬೋಲ್, ಏನ್ ಮಾಡೂಣು?”

ಯಾವುದೋ ಊರಿನ ರೋಗಿ, ಕೈಯಲ್ಲಿ ಖಾಲಿ ರಿಪೋರ್ಟು. ತಹಮೀನಾಳಿಗೆ ಅದಷ್ಟೇ ಕಾಣುತ್ತಿತ್ತು.

“ಅವನ ಹೆಸರಲೇ ಇರ್ಲಿರಿ.”

ಮುಂದಿನ ವಾರ ಕ್ಲೈಂಟ್ ಆದ ಲ್ಯಾಬಿನವರು ಆ ಸಾಲು ನೋಡಿ ಚಪ್ಪಾಳೆ ತಟ್ಟಿದರು. ಸಂಜೆ ಅಮೋಲ್ ಕರೆದ.

“ಸಾರಿ, ತಹಮೀನಾ. ಇಷ್ಟು ಕಠಿಣ ಇದ್ದದ್ದು ಜಮಾಯಿನ ಬಗಿಹರಿಸ್ಯಾನ, ಮತ್ತ ತಪ್ಪು ನೋಡಾಕ ಮಂದಿ ಯಾಕ ಅಂತಾರ ಮ್ಯಾಲಿನವ್ರು. ನಿನ್ನ ಕಾಂಟ್ರಾಕ್ಟ್ ಇಲ್ಲಿಗೆ ಮುಗೀತು.”

“ಅದು ನಾ ಬರದದ್ದು ಅಂತ ನಿಮಗ ಗೊತ್ತೈತಲ್ರಿ, ಸರ್.”

“ಗೊತ್ತೈತಿ. ಹೋಗಿ ಹೇಳು ಬೇಕಾದ್ರ. ಆ ಸಾಲು ಇವತ್ತ ತಗಸ್ತೀನಿ.”

ಆಕೆಯ ಕಣ್ಣ ಮುಂದೆ ಮತ್ತೆ ಆ ಖಾಲಿ ರಿಪೋರ್ಟು ಬಂತು. ಅವನು ಗಡಿಯಾರ ನೋಡಿದ.

“ಹಾಂ, ಇನ್ನೊಂದು. ಜಮಾಯಿಗೆ ಇದು ಹ್ಯಾಂಗ ಹೊಳೀತು ಅಂತ ಕ್ಲೈಂಟ್ ಕೇಳ್ಯಾರ. ಹೋಗೂಕ್ಕಿಂತ ಮೊದಲ ಬರದು ಕೊಟ್ಟ ಹೋಗು. ನಿನ್ನ ಬಿಟ್ರ ಇಲ್ಲಿ ಯಾರಿಗೂ ತಿಳದಿಲ್ಲ.”

ತಹಮೀನಾ ಕುರ್ಚಿ ಎಳೆದುಕೊಂಡು ಕೂತಳು. 'ಸಾಫ್ಟ್‌ವೇರ್ ಮೊದಲು ಚಿಹ್ನೆಯನ್ನು ಅಂಕಿಯಿಂದ ಬೇರ್ಪಡಿಸಿತು' ಎಂದು ಬರೆದಳು. ಎಲ್ಲೂ ತಪ್ಪಾಗಬಾರದೆಂದು ಮತ್ತೊಮ್ಮೆ ಓದಿ ನೋಡಿ, ಮುಂದಿನ ವಾಕ್ಯಕ್ಕೆ ಹೋದಳು.